ದೊಡ್ಡ ಗಾಲಿಯೋ, ಎತ್ತರದ ಟೈರೋ: ಮಲೆನಾಡಿನ ದಾರಿಯಲ್ಲಿ ಕಂಡ ಹೋಲಿಕೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಡಾಂಬರು ರಸ್ತೆಯನ್ನು ಬಿಟ್ಟು ನಮ್ಮ ಮನೆಯ ಕಡೆ ತಿರುಗಿದರೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಎರಡು ಗಾಲಿಜಾಡುಗಳ ನಡುವೆ ಹುಲ್ಲು ಬೆಳೆದ ದಿಬ್ಬ, ಅಲ್ಲಲ್ಲಿ ಮೇಲೆದ್ದ ಜಂಬಿಟ್ಟಿಗೆ ಕಲ್ಲು, ಕೊನೆಯಲ್ಲಿ ಹಳ್ಳಕ್ಕೆ ಹಾಕಿದ ಒಂದು ಸಂಕ (ಸಣ್ಣ ಸೇತುವೆ) ಮತ್ತು ಅದರಾಚೆಯ ಕಡಿದಾದ ಏರು. ವಾರಕ್ಕೆ ಎರಡು ಸಲ ಇದೇ ಕಾರಿನಲ್ಲಿ ಶಿವಮೊಗ್ಗಕ್ಕೂ, ತಿಂಗಳಿಗೊಮ್ಮೆ ಬೆಂಗಳೂರಿಗೂ ಹೋಗಬೇಕು. ಕ್ರಾಸ್‌ಓವರ್, ಅಂದರೆ ಜೀಪಿನಂತೆ ಎತ್ತರವಾಗಿ ಕಾಣುವ ಕಾರು, ಕೊಂಡವರಲ್ಲಿ ಅನೇಕರು ಮೊದಲ ವರ್ಷದಲ್ಲೇ ದೊಡ್ಡ ಗಾಲಿಯ ಆಸೆಗೆ ಬೀಳುತ್ತಾರೆ, ನಾನೂ ಬಿದ್ದೆ. ಮೂರು ವರ್ಷಗಳಲ್ಲಿ ಒಂದೇ ಕಾರಿಗೆ ಬೇರೆ ಬೇರೆ ಅಳತೆಯ ಗಾಲಿ ಮತ್ತು ಟೈರುಗಳನ್ನು ಹಾಕಿ ಓಡಿಸಿದ ಅನುಭವವನ್ನು, ಇದೇ ಯೋಚನೆಯಲ್ಲಿರುವವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಕಾರು ಡೀಸೆಲ್ ಎಂಜಿನ್ನಿನ ಹ್ಯುಂಡೈ ಕ್ರೆಟಾ, ಕಡಿಮೆ ಬೆಲೆಯ ಕೆಳಗಿನ ಮಾದರಿ. ಅದಕ್ಕೆ ಕಂಪನಿಯಿಂದ ಬಂದದ್ದು 205/65 ಆರ್16 ಟೈರು. ಇದರಲ್ಲಿ 205 ಎಂದರೆ ಟೈರಿನ ಅಗಲ ಮಿಲಿಮೀಟರಿನಲ್ಲಿ, 65 ಎಂದರೆ ಆ ಅಗಲದ ಶೇಕಡಾ 65ರಷ್ಟು ಟೈರಿನ ಪಕ್ಕದ ಎತ್ತರ, 16 ಎಂದರೆ ಟೈರು ಕೂರುವ ಲೋಹದ ಡಿಸ್ಕಿನ (ರಿಮ್ಮಿನ) ವ್ಯಾಸ ಇಂಚುಗಳಲ್ಲಿ. ಲೆಕ್ಕ ಹಾಕಿದರೆ ಪಕ್ಕದ ರಬ್ಬರಿನ ಎತ್ತರ 133 ಮಿ.ಮೀ., ಇಡೀ ಗಾಲಿಯ ವ್ಯಾಸ ಸುಮಾರು 673 ಮಿ.ಮೀ. ಆಗುತ್ತದೆ. ಮೊದಲು ನಾನು ಹಾಕಿಸಿದ್ದು 18 ಇಂಚಿನ ಅಲಾಯ್ ಡಿಸ್ಕಿನ ಮೇಲೆ 235/50 ಆರ್18. ಅದರ ವ್ಯಾಸ 692 ಮಿ.ಮೀ. ಆದರೂ ಪಕ್ಕದ ರಬ್ಬರು 117.5 ಮಿ.ಮೀ.ಗೆ ಇಳಿಯುತ್ತದೆ. ಎರಡನೆಯದು ಹಳೆಯ 16 ಇಂಚಿನ ಡಿಸ್ಕಿನ ಮೇಲೆಯೇ ಡಾಂಬರು, ಮಣ್ಣು ಎರಡಕ್ಕೂ ಆಗುವ ಒರಟು ಹಲ್ಲಿನ ಆಲ್ ಟೆರೇನ್ ಟೈರು, 215/70 ಆರ್16. ಇದರ ಪಕ್ಕದ ಎತ್ತರ 150 ಮಿ.ಮೀ., ವ್ಯಾಸ 707. ಎರಡನ್ನೂ ಜನ ‘ದೊಡ್ಡ ಟೈರು’ ಎಂದೇ ಕರೆಯುತ್ತಾರೆ. ಆದರೆ ಒಂದರಲ್ಲಿ ಬೆಳೆದದ್ದು ಲೋಹ, ಇನ್ನೊಂದರಲ್ಲಿ ಬೆಳೆದದ್ದು ರಬ್ಬರು. ಮಲೆನಾಡಿನಲ್ಲಿ ಗಾಡಿ ಓಡಿಸುವವನಿಗೆ ಬೇರೆಲ್ಲ ವ್ಯತ್ಯಾಸಗಳಿಗಿಂತ ಇದೇ ದೊಡ್ಡದು ಎಂಬುದನ್ನು ಹಣ ಕಳೆದುಕೊಂಡ ಮೇಲೆ ಅರಿತೆ.

18 ಇಂಚಿನ ಗಾಲಿಯ ಒಳ್ಳೆಯ ಗುಣಗಳನ್ನು ಮೊದಲು ಹೇಳಿಬಿಡಬೇಕು, ಏಕೆಂದರೆ ಅವು ನಿಜವಾದವು. ಕಾರು ನೋಡಲು ಬಹಳ ಚೆನ್ನಾಗಿ ಕಾಣುತ್ತಿತ್ತು. ತುಮಕೂರಿನಿಂದಾಚೆಗಿನ ಅಗಲವಾದ ಹೆದ್ದಾರಿಯಲ್ಲಿ ಸ್ಟಿಯರಿಂಗ್ ತಿರುಗಿಸಿದ ಕ್ಷಣವೇ ಕಾರು ತಿರುಗುತ್ತಿತ್ತು. ಗಿಡ್ಡ ಪಕ್ಕದ ಟೈರು ಬಾಗುವುದು ಕಡಿಮೆಯಾದ್ದರಿಂದ ಲಾರಿಗಳನ್ನು ಹಿಂದೆ ಹಾಕುವಾಗ ಮೊದಲಿನ ಓಲಾಟ ಇರಲಿಲ್ಲ. ಒಣಗಿದ ಡಾಂಬರಿನ ಮೇಲೆ ತಿರುವುಗಳಲ್ಲಿ ಹಿಡಿತವೂ ಹೆಚ್ಚಿತ್ತು. ಬೆಂಗಳೂರು, ಹುಬ್ಬಳ್ಳಿಗಳ ನಡುವೆಯೇ ಓಡಾಡುವವರಿಗೆ ಈ ಗಾಲಿ ಬೇಡವೆಂದು ನಾನು ಹೇಳಲಾರೆ.

ಊರಿಗೆ ಬಂದ ಮೇಲೆ ಚಿತ್ರ ಬದಲಾಯಿತು. ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ ಅಮ್ಮ, ಮೊದಲ ದಿನವೇ ಮಣ್ಣಿನ ದಾರಿಯ ಅರ್ಧದಲ್ಲಿ, “ನಿಧಾನ ಹೊಡಿ ಮಾರಾಯ, ಸೊಂಟ ಹಿಡ್ಕೊಳ್ತು” ಎಂದರು. ಅದೇ ವೇಗ, ಅದೇ ದಾರಿ. ಕಡಿಮೆಯಾದದ್ದು 16 ಮಿ.ಮೀ. ರಬ್ಬರು ಮಾತ್ರ. ಟೈರಿನೊಳಗಿನ ಗಾಳಿ ಮತ್ತು ಪಕ್ಕದ ರಬ್ಬರು ಕಾರಿನ ಮೊದಲ ಸ್ಪ್ರಿಂಗ್ ಇದ್ದಂತೆ. ಅದನ್ನು ಗಿಡ್ಡ ಮಾಡಿದರೆ ಅದು ತಡೆಯಬೇಕಾದ ಪೆಟ್ಟು ನೇರವಾಗಿ ಸಸ್ಪೆನ್ಷನ್ನಿಗೂ, ಅಲ್ಲಿಂದ ಕೂತವರ ಬೆನ್ನಿಗೂ ಹೋಗುತ್ತದೆ.

ತೂಕದ ಸಂಗತಿಯೂ ಇದೆ. ಗಾಲಿ ಬದಲಾಯಿಸಿದಾಗಲೆಲ್ಲ ಅಡಿಕೆ ಚೀಲ ತೂಗುವ ತಕ್ಕಡಿಯ ಮೇಲೆ ಒಂದೊಂದನ್ನೂ ಇಟ್ಟು ನೋಡಿದ್ದೇನೆ: ಮೂಲದ್ದು 19 ಕೆ.ಜಿ., 18 ಇಂಚಿನದು 23.5 ಕೆ.ಜಿ., ಎತ್ತರದ ಆಲ್ ಟೆರೇನ್ 22 ಕೆ.ಜಿ. ಅಲಾಯ್ ಎಂದರೆ ಹಗುರವೆಂಬ ನಂಬಿಕೆ ಡಿಸ್ಕ್ ದೊಡ್ಡದಾದಾಗ ನಿಲ್ಲುವುದಿಲ್ಲ. ಸ್ಪ್ರಿಂಗಿನ ಕೆಳಗಿರುವ ಈ ತೂಕ ಹೆಚ್ಚಾದಷ್ಟೂ ಗಾಲಿ ಗುಂಡಿಗೆ ಬಿದ್ದು ಮೇಲೆದ್ದ ಮೇಲೆ ಅದನ್ನು ಹತೋಟಿಗೆ ತರಲು ಶಾಕ್ ಅಬ್ಸಾರ್ಬರ್ ಹೆಚ್ಚು ಶ್ರಮಪಡಬೇಕು; ತಿರುಗುವ ತೂಕವಾದ್ದರಿಂದ ಓಡಿಸುವುದಕ್ಕೂ ನಿಲ್ಲಿಸುವುದಕ್ಕೂ ಹೆಚ್ಚು ಬಲ ಬೇಕು.

ಜೂನ್ ಕೊನೆಯ ಒಂದು ಸಂಜೆ, ಶಿವಮೊಗ್ಗದಿಂದ ಬರುತ್ತ ಮಂಡಗದ್ದೆ ದಾಟಿದ ಮೇಲೆ, ನೀರು ತುಂಬಿ ರಸ್ತೆಯ ಸಮಕ್ಕೇ ಕಾಣುತ್ತಿದ್ದ ಗುಂಡಿಯೊಂದಕ್ಕೆ ಮುಂದಿನ ಎಡಗಾಲಿ ಇಳಿಯಿತು. ವೇಗ 50ರ ಆಸುಪಾಸು. ಕಲ್ಲಿಗೆ ಕಬ್ಬಿಣ ಬಡಿದ ಶಬ್ದವಾಯಿತು. ಟಾರ್ಚ್ ಹಿಡಿದು ನೋಡಿದರೆ ಡಿಸ್ಕಿನ ಅಂಚು ಎರಡು ಬೆರಳಿನಗಲ ಒಳಕ್ಕೆ ಮಡಚಿತ್ತು. ಅದರ ಮೇಲೆಯೇ ಟೈರಿನ ಪಕ್ಕದಲ್ಲಿ ಅರ್ಧ ನಿಂಬೆಹಣ್ಣಿನಷ್ಟು ಗುಳ್ಳೆ ಎದ್ದಿತ್ತು. ಗುಳ್ಳೆ ಎದ್ದಿತೆಂದರೆ ಒಳಗಿನ ದಾರದ ಹೆಣಿಗೆ ಹರಿದಿದೆ ಎಂದರ್ಥ. ಆ ಟೈರನ್ನು ರಿಪೇರಿ ಮಾಡಲಾಗದು, ಅದರ ಮೇಲೆ ಗಾಡಿ ಓಡಿಸಲೂಬಾರದು. ಸ್ಟೆಪ್ನಿಯಾಗಿ ಇದ್ದದ್ದು ಹಳೆಯ 205/65. ಅದರ ವ್ಯಾಸ ಬೇರೆಯಾದ್ದರಿಂದ ಎಂಜಿನ್ ಎಳೆಯುವ ಮುಂದಿನ ಗಾಲಿಗಳಲ್ಲಿ ಒಂದಕ್ಕೆ ಮಾತ್ರ ಹಾಕಿದರೆ, ಎರಡು ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಎಂಬ ಗೇರುಗಳ ಜೋಡಣೆ ಬಿಡುವಿಲ್ಲದೆ ದುಡಿಯಬೇಕಾಗುತ್ತದೆ. ಹಾಗಾಗಿ ಮಳೆಯಲ್ಲೇ ಹಿಂದಿನ ಗಾಲಿಯನ್ನು ಬಿಚ್ಚಿ ಮುಂದಕ್ಕೆ ಹಾಕಿ, ಸ್ಟೆಪ್ನಿಯನ್ನು ಹಿಂದಕ್ಕೆ ಹಾಕಿ, ನಿಧಾನವಾಗಿ ಮನೆ ಸೇರಿದೆ. ಸ್ಟೆಪ್ನಿ ಮತ್ತು ಉಳಿದ ಗಾಲಿಗಳ ಅಳತೆ ಬೇರೆಯಾಗಿರುವವರು ಈ ಕ್ರಮವನ್ನು ನೆನಪಿಟ್ಟುಕೊಳ್ಳಬೇಕು.

ಮಳೆಯಲ್ಲಿ ಅಗಲವಾದ ಟೈರಿನ ನಡವಳಿಕೆ ಇನ್ನೂ ಹೆಚ್ಚು ಆತಂಕ ಹುಟ್ಟಿಸಿತು. ಅಗಲ ಹೆಚ್ಚಾದರೆ ನೆಲಕ್ಕೆ ತಾಗುವ ಭಾಗವೂ ಹೆಚ್ಚುತ್ತದೆಂದು ಎಲ್ಲರೂ ತಿಳಿಯುತ್ತಾರೆ. ವಾಸ್ತವವಾಗಿ ಆ ಭಾಗದ ವಿಸ್ತಾರ ಬಹುಮಟ್ಟಿಗೆ ಗಾಲಿಯ ಮೇಲಿನ ಭಾರ ಮತ್ತು ಟೈರಿನ ಹವಾವನ್ನು ಅವಲಂಬಿಸಿದೆ. ಟೈರು ಅಗಲವಾದಾಗ ಅದರ ಆಕಾರ ಬದಲಾಗಿ, ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ಅಂಥ ಟೈರು ರಸ್ತೆಯ ಮೇಲಿನ ನೀರನ್ನು ಹೆಚ್ಚು ಅಗಲಕ್ಕೆ, ಕಡಿಮೆ ಸಮಯದಲ್ಲಿ ಸರಿಸಬೇಕಾಗುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸೀಮೆಯಲ್ಲಿ ರಸ್ತೆಯ ಮೇಲೆ ನೀರು ಹರಿಯುವುದು ದಿನನಿತ್ಯದ ಸಂಗತಿ. ಮೂಲ ಟೈರಿನಲ್ಲಿ ಎಂದೂ ಕಾಣದಿದ್ದ ಹಾಗೆ, 70ರ ವೇಗದಲ್ಲಿ ಎರಡು ಸಲ ಸ್ಟಿಯರಿಂಗ್ ಕೈಯಲ್ಲಿ ಹಗುರಾಗಿ, ಕಾರು ನೀರಿನ ಮೇಲೆ ತೇಲಿದ ಅನುಭವವಾಯಿತು. ಅಲ್ಲಿಗೆ ಆ ಗಾಲಿಗಳ ಕಥೆ ಮುಗಿಯಿತು. ಡಿಸ್ಕ್ ಮತ್ತು ಟೈರು ಸೇರಿ ಒಂದು ಲಕ್ಷದ ಹತ್ತಿರ ಖರ್ಚಾಗಿತ್ತು. ಮಾರುವಾಗ ಅದರ ಅರ್ಧವೂ ಬರಲಿಲ್ಲ.

ಆಲ್ ಟೆರೇನ್ ಟೈರು ಹಾಕಿಸಿದ ದಿನ ಮನೆಯ ದಾರಿ ಬೇರೆಯೇ ದಾರಿಯಾಯಿತು. ವ್ಯಾಸ 34 ಮಿ.ಮೀ. ಹೆಚ್ಚಾದರೆ ಕಾರು ಮೇಲೇಳುವುದು ಅದರ ಅರ್ಧ, ಅಂದರೆ 17 ಮಿ.ಮೀ. ಅಷ್ಟೇ; ಆದರೆ ನಡುವಿನ ದಿಬ್ಬಕ್ಕೆ ಎಂಜಿನ್ನಿನ ತಳ ಉಜ್ಜುತ್ತಿದ್ದುದು ನಿಲ್ಲಲು ಅಷ್ಟು ಸಾಕಾಯಿತು. ಮಳೆಗಾಲದಲ್ಲಿ ಸಾಮಾನ್ಯ ಟೈರಿನ ಗೀರುಗಳಲ್ಲಿ ಕೆಮ್ಮಣ್ಣು ಮೆತ್ತಿಕೊಂಡು ಅದು ನುಣ್ಣನೆಯ ಉರುಳೆಯಂತಾಗುತ್ತದೆ. ಏರು ಹತ್ತುವಾಗ ಭಾರ ಹಿಂದಕ್ಕೆ ಸರಿಯುವುದರಿಂದ ಮುಂದಿನ ಗಾಲಿ ಎಳೆಯುವ ಕಾರು ಸಂಕದಾಚೆಯ ಏರಿನಲ್ಲಿ ನಿಂತಲ್ಲೇ ಗಾಲಿ ಸುತ್ತಿಸುತ್ತಿತ್ತು. ಒರಟು ಹಲ್ಲಿನ ಟೈರು ಮಣ್ಣನ್ನು ಉದುರಿಸಿಕೊಳ್ಳುತ್ತ ಹತ್ತಿತು. ಅಮ್ಮನೂ ಸೊಂಟದ ಮಾತೆತ್ತಲಿಲ್ಲ.

ಇದರ ತೊಂದರೆಗಳು ಡಾಂಬರಿನ ಮೇಲೆ ಕಂಡವು. ವ್ಯಾಸ ಶೇಕಡಾ 5ರಷ್ಟು ಹೆಚ್ಚಾದರೆ ಪ್ರತಿಯೊಂದು ಗೇರೂ ಅಷ್ಟೇ ಪ್ರಮಾಣದಲ್ಲಿ ಉದ್ದವಾದಂತೆ, ಅಂದರೆ ಅದೇ ಗೇರಿನಲ್ಲಿ ಎಳೆಯುವ ಬಲ ಕಡಿಮೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಹದಿನಾಲ್ಕು ಹಿಮ್ಮುರಿ ತಿರುವುಗಳನ್ನೂ ಮೊದಲು ಎರಡನೇ ಗೇರಿನಲ್ಲೇ ದಾಟುತ್ತಿದ್ದ ಕಾರು, ಐದು ಜನ ಕೂತಾಗ ನಾಲ್ಕೈದು ಕಡೆ ಒಂದನೇ ಗೇರನ್ನು ಕೇಳಿತು. ಮೀಟರ್ 80 ತೋರಿಸುವಾಗ ಫೋನಿನ ಜಿಪಿಎಸ್ ಮೂಲ ಟೈರಿನಲ್ಲಿ 77 ಎನ್ನುತ್ತಿತ್ತು, ಇದರಲ್ಲಿ 81. ಅಂದರೆ ಮೀಟರನ್ನು ನಂಬಿದವನು ಗೊತ್ತಿಲ್ಲದೆ ಹೆಚ್ಚು ವೇಗದಲ್ಲಿ ಹೋಗುತ್ತಾನೆ. ಓಡಿದ ದೂರವನ್ನೂ ಮೀಟರ್ ಕಡಿಮೆ ತೋರಿಸುವುದರಿಂದ ಮೈಲೇಜ್ ಲೆಕ್ಕ ಹಾಕುವಾಗ ಅದನ್ನು ಸರಿಪಡಿಸಿಕೊಳ್ಳಬೇಕು. ಟ್ಯಾಂಕ್ ತುಂಬಿಸಿ ಅಳೆದು, ಸರಿಪಡಿಸಿದ ಮೇಲೆ ನನಗೆ ಸಿಕ್ಕಿದ್ದು ಮೂಲದಲ್ಲಿ ಲೀಟರಿಗೆ 17.8 ಕಿ.ಮೀ., 18 ಇಂಚಿನಲ್ಲಿ 16, ಆಲ್ ಟೆರೇನ್‌ನಲ್ಲಿ 16.3. ಒದ್ದೆಯಾದ ಡಾಂಬರಿನಲ್ಲಿ ಬ್ರೇಕ್ ಒತ್ತಿದಾಗ, ಗಾಲಿ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಮೊದಲಿಗಿಂತ ಬೇಗ ಕೆಲಸ ಆರಂಭಿಸುವುದು ಪೆಡಲಿನಲ್ಲೇ ತಿಳಿಯುತ್ತಿತ್ತು, ಅಂದರೆ ಹಿಡಿತ ಕಡಿಮೆಯಾಗಿತ್ತು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದರೆ ಟೈರು ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ಉಜ್ಜುತ್ತಿತ್ತು. ಐದನೆಯ ಟೈರು ಸ್ಟೆಪ್ನಿಯ ಗುಳಿಯಲ್ಲಿ ಹಿಡಿಸದೆ ಡಿಕ್ಕಿಯ ಹಾಸು ಉಬ್ಬಿ ನಿಂತಿತು.

ಕಾನೂನಿನ ವಿಷಯವನ್ನೂ ಹೇಳಬೇಕು. ವಾಹನವನ್ನು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಂದ ಬೇರೆಯಾಗುವಂತೆ ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಿತಿ ಹಾಕಿದೆ. ಅಪಘಾತವಾದಾಗ ವಿಮೆಯವರು ಇದನ್ನೇ ಹಿಡಿದು ಪ್ರಶ್ನಿಸಬಹುದು. 18 ಇಂಚಿನ ಗಾಲಿ ಹಾಕಿಕೊಟ್ಟ ಅಂಗಡಿಯಲ್ಲಿ ಈ ಬಗ್ಗೆ ಯಾರೂ ಒಂದು ಮಾತೂ ಹೇಳಲಿಲ್ಲ. ಗ್ರಾಹಕರಿಗೆ ಇಷ್ಟನ್ನು ತಿಳಿಸುವುದು ಮಾರುವವರ ಹೊಣೆಯೆಂದು ನಾನು ಭಾವಿಸುತ್ತೇನೆ.

ಇದೇ ಕಾರಿನ ಮೇಲಿನ ಮಾದರಿಗೆ ಕಂಪನಿಯೇ 215/60 ಆರ್17 ಕೊಡುತ್ತದೆ. ಅದರ ವ್ಯಾಸ 690 ಮಿ.ಮೀ. ಆ ಲೆಕ್ಕ ನೋಡಿದ ಮೇಲೆ ನಾನು ಆರಿಸಿಕೊಂಡದ್ದು 16 ಇಂಚಿನ ಡಿಸ್ಕಿಗೇ ಹೊಂದುವ 215/65 ಆರ್16, ಹೆದ್ದಾರಿಯ ಟೈರು. ವ್ಯಾಸ 686 ಮಿ.ಮೀ. ಆದ್ದರಿಂದ ಅದು ಕಂಪನಿಯ ಎರಡು ಅಳತೆಗಳ ನಡುವೆಯೇ ಬರುತ್ತದೆ. ಪಕ್ಕದ ರಬ್ಬರು ಮಾತ್ರ ಎರಡಕ್ಕಿಂತಲೂ ಹೆಚ್ಚು, ಸುಮಾರು 140 ಮಿ.ಮೀ. ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿಯೇ ಹಾಕಿಸಿದೆ. ಗೇರಿನ ವ್ಯತ್ಯಾಸ ಶೇಕಡಾ 2ಕ್ಕಿಂತ ಕಡಿಮೆ; ಘಾಟಿಯಲ್ಲಿ ಕಾರು ಮತ್ತೆ ಎರಡನೇ ಗೇರಿಗೆ ಒಗ್ಗಿತು. ಮೈಲೇಜ್ 17.4. ಎಲ್ಲಿಯೂ ಉಜ್ಜುವುದಿಲ್ಲ. ಕೆಸರಿನ ಏರಿನಲ್ಲಿ ಆಲ್ ಟೆರೇನ್ ಟೈರಿನ ಹಿಡಿತ ಇದಕ್ಕಿಲ್ಲ; ಸಂಕದಾಚೆ ಎರಡು ಟ್ರ್ಯಾಕ್ಟರ್ ಜಲ್ಲಿ ಹಾಕಿಸಿದ ಮೇಲೆ ಆ ಕೊರತೆ ಅಷ್ಟಾಗಿ ಕಾಡುತ್ತಿಲ್ಲ. ವರ್ಷವಿಡೀ ಗುಡ್ಡದ ಎಸ್ಟೇಟಿನೊಳಗೇ ಓಡಾಡುವವರಾದರೆ ನಾನು ಈಗಲೂ ಆಲ್ ಟೆರೇನ್ ಟೈರನ್ನೇ ಸೂಚಿಸುತ್ತೇನೆ.

ಈ ನಾಲ್ಕು ಟೈರುಗಳು ಈಗ 31,000 ಕಿ.ಮೀ. ಓಡಿವೆ. ಕಳೆದ ವಾರ ಅಳೆದಾಗ ಗೀರಿನ ಆಳ 3.5 ಮಿ.ಮೀ. ಇತ್ತು. ಕಾನೂನಿನ ಪ್ರಕಾರ 1.6 ಮಿ.ಮೀ.ವರೆಗೆ ಬಳಸಬಹುದು, ಆದರೆ ನಮ್ಮ ಮಳೆಗೆ ಅಷ್ಟು ಸವೆದ ಟೈರು ಸಾಲದು. ಬರುವ ಮೇ ತಿಂಗಳಲ್ಲಿ, ಮೊದಲ ಮಳೆ ಹಿಡಿಯುವ ಮುಂಚೆ, ಇದೇ ಅಳತೆಯ ಹೊಸ ನಾಲ್ಕನ್ನು ಹಾಕಿಸುತ್ತೇನೆ.