ನೈಲಾನಾ, ಪಿಪಿನಾ? ಒಂದೇ ಡೈಗೆ ಎರಡು ಮಾಲು ಹಾಕಿ ನೋಡಿದ್ದು

ಅಡಿಕೆ ಸುಲಿಯುವ ಮಷಿನ್ನಿನ ಲಿವರ್ ಬ್ರಾಕೆಟ್ಟನ್ನು ಪ್ಲಾಸ್ಟಿಕ್‌ನಲ್ಲಿ ಮಾಡಿಕೊಡಿ ಎಂದು ಗುಬ್ಬಿ ಕಡೆಯ ಗಿರಾಕಿಯೊಬ್ಬರು ಬಂದರು. ತುಮಕೂರಿನ ಅಂತರಸನಹಳ್ಳಿಯ ನಮ್ಮ ಶೆಡ್ಡಿನಲ್ಲಿ ಒಂದೇ ಡೈಗೆ, ಅಂದರೆ ಕರಗಿದ ಪ್ಲಾಸ್ಟಿಕ್ ತುಂಬುವ ಅಚ್ಚಿಗೆ, 30% ಗ್ಲಾಸಿನ ಎಳೆ ಇರುವ ನೈಲಾನ್ 66 ಒಮ್ಮೆ, 30% ಗ್ಲಾಸ್ ಇರುವ ಪಿಪಿ (ಪಾಲಿಪ್ರೊಪಿಲೀನ್) ಒಮ್ಮೆ ಹಾಕಿದೆ.

ಡೇಟಾಶೀಟ್ ನಂಬಿದರೆ ಪೈಪೋಟಿಯೇ ಇಲ್ಲ. ನೈಲಾನ್‌ನ ಟೆನ್ಸೈಲ್, ಅಂದರೆ ಎಳೆದರೆ ತುಂಡಾಗದೆ ತಡೆಯುವ ಬಲ, ಸುಮಾರು 180 ಮೆಗಾಪಾಸ್ಕಲ್. ಪಿಪಿಯದು 80-90, ಅದೂ ಗ್ಲಾಸಿಗೆ ಪಿಪಿ ಕಚ್ಚಿಕೊಳ್ಳುವಂತೆ ಕಪ್ಲಿಂಗ್ ಏಜೆಂಟ್ ಹಾಕಿದ್ದರೆ. ಅದಿಲ್ಲದ ಅಗ್ಗದ ಮಾಲು ಮುರಿದಾಗ ಭೂತಗನ್ನಡಿ ಹಿಡಿದು ನೋಡಿ, ಎಳೆಗಳು ಬೋಳಾಗಿ ಕಿತ್ತು ಬಂದಿರುತ್ತವೆ.

ಆದರೆ ಆ 180 ಒಣ ನೈಲಾನಿನ ಲೆಕ್ಕ. ಗಾಳಿಯ ತೇವ ಕುಡಿದ ಮೇಲೆ ಅದು 120ರ ಆಸುಪಾಸಿಗೆ ಇಳಿಯುತ್ತದೆ, ಬಿಗುವು (ಬಾಗದೆ ನಿಲ್ಲುವ ಗುಣ) 10 ಗಿಗಾಪಾಸ್ಕಲ್‌ನಿಂದ 7ರ ಹತ್ತಿರಕ್ಕೆ. ಪಿಪಿಯ ಬಿಗುವು ಆರು ಚಿಲ್ಲರೆಯಲ್ಲೇ ಇರುತ್ತದೆ, ನೀರಿನ ಗೊಡವೆಯೇ ಅದಕ್ಕಿಲ್ಲ. ಎರಡನ್ನೂ ಒಂದು ವಾರ ಬಕೆಟ್ಟಿನಲ್ಲಿ ಮುಳುಗಿಸಿಟ್ಟೆ: 68 ಗ್ರಾಂ ಇದ್ದ ನೈಲಾನ್ ಪೀಸು ಒಂದು ಗ್ರಾಂ ಜಾಸ್ತಿ ತೂಗಿತು, 56 ಗ್ರಾಂನ ಪಿಪಿ ಅಲ್ಲಾಡಲಿಲ್ಲ. ಹಾಗಂತ ನೀರು ಬರೀ ಶತ್ರುವಲ್ಲ. ಡೈಯಿಂದ ಆಗಷ್ಟೇ ಬಿದ್ದ ನೈಲಾನ್ ಸುತ್ತಿಗೆ ಏಟಿಗೆ ಟಪ್ಪೆಂದು ಮುರಿಯಿತು, ನೆನೆದದ್ದು ತಡೆದುಕೊಂಡಿತು. ಹಳೇ ಆಪರೇಟರ್‌ಗಳು ನೈಲಾನ್ ಪೀಸನ್ನು ಬಿಸಿನೀರಲ್ಲಿ ಬೇಯಿಸುವುದು ಸುಮ್ಮನೆ ಅಲ್ಲ.

ತಲೆ ಕೆಡಿಸಿದ್ದು ಇನ್ನೊಂದು. ಮರಳು ಚೀಲ ನೇತುಹಾಕುತ್ತಾ ಹೋದರೆ ಎರಡು ಮಾಲೂ ಮುರಿದದ್ದು ಒಂದೇ ಕಡೆ, ಬೋಲ್ಟ್ ತೂತಿನ ಆಚೆ ಬದಿಯಲ್ಲಿ. ಗೇಟಿನಿಂದ, ಅಂದರೆ ಡೈಯೊಳಗೆ ಪ್ಲಾಸ್ಟಿಕ್ ನುಗ್ಗುವ ಬಾಯಿಯಿಂದ, ಬಂದ ಮಾಲು ತೂತನ್ನು ಎರಡೂ ಕಡೆಯಿಂದ ಬಳಸಿ ಅಲ್ಲಿ ಸೇರುತ್ತದೆ. ಗ್ಲಾಸಿನ ಎಳೆಗಳು ಆ ಬೆಸುಗೆಯನ್ನು ದಾಟುವುದಿಲ್ಲ, ಅದರ ಉದ್ದಕ್ಕೆ ಮಲಗುತ್ತವೆ. ತೆಂಗಿನ ನಾರನ್ನು ಉದ್ದಕ್ಕೆ ಎಳೆದು ನೋಡಿ, ಆಮೇಲೆ ಮಟ್ಟೆಯನ್ನು ನಾರಿನ ಗುಂಟ ಸೀಳಿ ನೋಡಿ, ಅಷ್ಟೇ ವ್ಯತ್ಯಾಸ. ಅರ್ಧ ಬಲ ಹೋದರೂ ಆಶ್ಚರ್ಯವಿಲ್ಲ. ದುಬಾರಿ ಮಾಲು ತರುವ ಮೊದಲು ಗೇಟ್ ಜಾಗ ಬದಲಿಸಬೇಕಿತ್ತು. ಬದಲಿಸಿದೆವು, ಡೈಯವರ ಬಿಲ್ಲು ಬೇರೆ.

ಪಿಪಿ ಸೋತದ್ದು ಬಿಸಿಲಿನ ಕಾವಿಗೆ. ಶೀಟಿನ ಸೂರಿನ ಕೆಳಗೆ ಭಾರ ಹೊರಿಸಿ ಬಿಟ್ಟರೆ ದಿನ ಕಳೆದಂತೆ ನಿಧಾನಕ್ಕೆ ಬಾಗಿತು, ಬೋಲ್ಟೂ ಸಡಿಲವಾಯಿತು. ಅದಕ್ಕೆ ಬ್ರಾಕೆಟ್ ನೈಲಾನಲ್ಲಿ, ತೂತಿಗೆ ಹಿತ್ತಾಳೆ ಬುಷ್. ಅಡಿಕೆ ಜಾರುವ ಚೂಟು, ಕವರು ಪಿಪಿಯಲ್ಲಿ, ಹಗುರ, ಅಗ್ಗ. ನೈಲಾನಿಗಾದರೆ ಡೈಗೆ ಹಾಕುವ ಮೊದಲು ಕಾಳನ್ನು 80 ಡಿಗ್ರಿಯಲ್ಲಿ ನಾಲ್ಕು ಗಂಟೆ ಒಣಗಿಸಬೇಕು, ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ.

ಸೋನೆ ಮಳೆ ಹಿಡಿದಾಗ ಗಿರಾಕಿ ಫೋನ್ ಮಾಡಿದರು: "ಅಣ್ಣಾ, ನಿಮ್ಮ ಬ್ರಾಕೆಟ್ಟು ಚಾನಲ್ಲಿಗೆ ಕೂರ್ತಾ ಇಲ್ಲ." ನೀರು ಕುಡಿದು ಊದಿಕೊಂಡಿತ್ತು. ಅರ ತಗೊಂಡು ಹೋಗಿ ಎರಡು ಬದಿ ಉಜ್ಜಿಕೊಟ್ಟು ಬಂದೆ.