ಕಿಲಿಮಂಜಾರೋ: 8 ದಿನದ ಲೆಮೋಶೋ ಪ್ಯಾಕೇಜ್ ಹೇಗಿತ್ತು?

ಮೊದಲೇ ಹೇಳಿಬಿಡುತ್ತೇನೆ, ಕಿಲಿಮಂಜಾರೋ ಹತ್ತುವ ಆಸೆ ಇದ್ದರೆ 5 ದಿನದ ಅಗ್ಗದ ಪ್ಯಾಕೇಜ್ ಕಡೆ ತಿರುಗಿಯೂ ನೋಡಬೇಡಿ. ತಾಂಜಾನಿಯಾದಲ್ಲಿ ಪರವಾನಗಿ ಇರುವ ಸಂಸ್ಥೆಯ ಗೈಡ್ ಇಲ್ಲದೆ ಈ ಬೆಟ್ಟ ಹತ್ತಲು ಬಿಡುವುದೇ ಇಲ್ಲ. ಹಾಗಾಗಿ ಯಾರ ಜೊತೆ ಹೋಗುತ್ತೀರಿ ಅನ್ನೋದು ಬಹಳ ಮುಖ್ಯ. ನಾವು ಮೋಶಿ ಊರಿನ ಒಂದು ಸಂಸ್ಥೆಯಿಂದ ಲೆಮೋಶೋ ದಾರಿಯ 8 ದಿನದ್ದು ತಗೊಂಡೆವು.

ಅಷ್ಟು ದಿನ ಯಾಕೆ ಅಂದರೆ, ಈ ಬೆಟ್ಟದ ತುತ್ತತುದಿಯಾದ 5,895 ಮೀಟರ್ ಎತ್ತರದ ಉಹುರು ಶಿಖರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ತೀರದಲ್ಲಿ ಸಿಗುವುದರ ಹೆಚ್ಚೂಕಡಿಮೆ ಅರ್ಧ. ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿಯುವ ಗಟ್ಟಿಗರಿಗೂ ಇಲ್ಲಿ ತಲೆನೋವು, ವಾಂತಿ ಬರಬಹುದು. ಕಾಲಲ್ಲಿ ಬಲ ಇದ್ದರೆ ಸಾಲದು, ಮೈ ಒಗ್ಗಬೇಕು. ಈ ದಾರಿಯಲ್ಲಿ ಮಧ್ಯಾಹ್ನ 4,600 ಮೀಟರಿನ ಲಾವಾ ಟವರ್ ತನಕ ಹತ್ತಿಸಿ, ಮಲಗುವುದಕ್ಕೆ ಮತ್ತೆ 4,000 ಮೀಟರಿಗಿಂತ ಕೆಳಗಿರುವ ಬರಾಂಕೋ ಕ್ಯಾಂಪಿಗೆ ಇಳಿಸುತ್ತಾರೆ. ಅದೇ ಕೈ ಹಿಡಿಯೋದು. ಗೈಡ್‌ಗಳು ಬೆಳಿಗ್ಗೆ ಸಂಜೆ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡುತ್ತಿದ್ದರು, ಯಾರಾದರೂ ಬೇಗ ಹೆಜ್ಜೆ ಹಾಕಿದರೆ 'ಪೋಲೆ ಪೋಲೆ' (ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ 'ನಿಧಾನ ನಿಧಾನ') ಅಂತ ತಡೆಯುತ್ತಿದ್ದರು.

ಊಟ ಚೆನ್ನಾಗಿತ್ತು. ಸಸ್ಯಾಹಾರ ಅಂತ ಮುಂಚೆಯೇ ಹೇಳಿದ್ದಕ್ಕೆ ಚಪಾತಿ, ಬೀನ್ಸ್, ಬಿಸಿ ಸೂಪು, ನಮ್ಮ ಮುದ್ದೆಯ ಹಾಗಿರುವ ಮೆಕ್ಕೆಜೋಳದ ಉಗಾಲಿ ಮಾಡಿಕೊಟ್ಟರು.

ಬೇಸರ ಆಗಿದ್ದು ಬಾಡಿಗೆ ಸ್ಲೀಪಿಂಗ್ ಬ್ಯಾಗ್ ವಿಷಯದಲ್ಲಿ. ಜಿಪ್ ಕೆಟ್ಟಿತ್ತು. ನಡುರಾತ್ರಿ ಶಿಖರಕ್ಕೆ ಹೊರಡುವ ಮುಂಚೆ ಬರಾಫು ಕ್ಯಾಂಪಿನಲ್ಲಿ ಸಿಗುವುದೇ ಸ್ವಲ್ಪ ನಿದ್ದೆ, ಅದೂ ಚಳಿಗೆ ಹಾಳಾಯಿತು. ಮೋಶಿಯಲ್ಲೇ ಬಿಚ್ಚಿ, ಜಿಪ್ ಎಳೆದು ನೋಡಿ ತಗೊಳ್ಳಿ. ಟಿಪ್ಸ್ ಎಷ್ಟು ಕೊಡಬೇಕು ಅಂತಲೂ ಕೊನೆಯ ರಾತ್ರಿ ಹೇಳಿದರು, ಅದನ್ನು ದುಡ್ಡು ಕಟ್ಟಿಸಿಕೊಳ್ಳುವಾಗಲೇ ಹೇಳಬೇಕಿತ್ತು ಅಲ್ವಾ?

ಇಷ್ಟಾದರೂ ಈ ಸಂಸ್ಥೆಯ ಜೊತೆ ಹೋಗಬಹುದು ಅಂತಲೇ ಹೇಳುತ್ತೇನೆ, ಪೋರ್ಟರ್‌ಗಳನ್ನು ನೋಡಿಕೊಂಡ ರೀತಿಗೆ. ಟೆಂಟು, ಗ್ಯಾಸು, ದಿನಸಿ, ನಮ್ಮ ಬ್ಯಾಗು ಎಲ್ಲ ಅವರ ತಲೆ ಮೇಲೆ. ನಮಗಿಂತ ತಡವಾಗಿ ಹೊರಟು, ನಾವು ಮುಟ್ಟುವ ಹೊತ್ತಿಗೆ ಟೆಂಟ್ ಹಾಕಿರುತ್ತಿದ್ದರು. ಒಬ್ಬರಿಗೆ 20 ಕೆಜಿ ಮಿತಿ, ಗೇಟಿನಲ್ಲಿ ತೂಕ ಹಾಕುತ್ತಾರೆ. ಬೆಲೆ ತೀರಾ ಕಡಿಮೆ ಇದ್ದರೆ ಆ ಕಡಿತ ಬಹುತೇಕ ಇವರ ಕೂಲಿಯಿಂದ, ಊಟದಿಂದಲೇ ಬಂದಿರುತ್ತದೆ. ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಅನ್ನೋ ಸಂಸ್ಥೆ, ಪೋರ್ಟರ್‌ಗಳಿಗೆ ಸರಿಯಾಗಿ ಕೂಲಿ ಕೊಡುವ ಕಂಪನಿಗಳ ಪಟ್ಟಿ ಇಟ್ಟಿದೆ. ಅಡ್ವಾನ್ಸ್ ಕಳಿಸುವ ಮುಂಚೆ ಆ ಪಟ್ಟಿಯಲ್ಲಿ ಹೆಸರಿದೆಯಾ ಅಂತ ನೋಡಿ. ಇಲ್ಲದಿದ್ದರೆ ಬೇರೆಯವರನ್ನು ಹುಡುಕಿ.