ಒಂದೇ ಕಿಟಕಿಯಲ್ಲಿ ನಾಲ್ಕು ಬಟ್ಟೆ: ಲಿನನ್, ವೆಲ್ವೆಟ್, ರೇಷ್ಮೆ ಮತ್ತು ಗುಳೇದಗುಡ್ಡದ ಖಣ

ಬೆಳಗಾವಿಯ ತಿಲಕವಾಡಿಯಲ್ಲಿ ಒಂದು ಮನೆಯ ಒಳಾಂಗಣ ವಿನ್ಯಾಸದ ಕೆಲಸವನ್ನು ಒಪ್ಪಿಕೊಂಡಾಗ, ಆ ಮನೆಯೊಡತಿ ನನಗೆ ಹಾಕಿದ ಷರತ್ತು ಒಂದೇ ಆಗಿತ್ತು. ಬಟ್ಟೆ ಎಷ್ಟೇ ದುಬಾರಿಯಾದರೂ ಸರಿ, ಐದು ವರ್ಷ ಅದನ್ನು ಬದಲಿಸುವ ಪ್ರಸಂಗ ಬರಬಾರದು. ಸ್ಯಾಂಪಲ್ ಪುಸ್ತಕದಲ್ಲಿ ಅಂಟಿಸಿದ ಅಂಗೈಯಗಲದ ತುಂಡನ್ನು ಸವರಿ ನೋಡಿ ಐದು ವರ್ಷದ ಭರವಸೆ ಕೊಡಲು ನನಗೆ ಮನಸ್ಸು ಒಪ್ಪಲಿಲ್ಲ. ಮನೆಯ ಗಿಲಾವು ಮತ್ತು ಮರಗೆಲಸ ಮುಗಿಯಲು ಹೇಗೂ ಒಂಬತ್ತು ತಿಂಗಳು ಇದ್ದವು. ಆದ್ದರಿಂದ ನಾಲ್ಕು ಬಗೆಯ ಬಟ್ಟೆಗಳನ್ನು ತಲಾ ಎರಡೆರಡು ಮೀಟರ್ ತರಿಸಿ, ಮಾರ್ಚ್‌ನಿಂದ ನವೆಂಬರ್‌ವರೆಗೆ ನನ್ನ ಮನೆಯ ಪಶ್ಚಿಮದ ಕಿಟಕಿಯಲ್ಲಿ ಸಾಲಾಗಿ ತೂಗುಹಾಕಿದೆ. ಪ್ರತಿಯೊಂದರ ಅರ್ಧಕ್ಕೆ ರಟ್ಟು ಕಟ್ಟಿ ಬಿಸಿಲು ತಾಗದಂತೆ ಮಾಡಿದೆ. ಉಳಿದ ಮೀಟರನ್ನು ಕಚೇರಿಯ ನಾಲ್ಕು ಕುರ್ಚಿಗಳಿಗೆ ಹೊದಿಸಿ, ಬಂದವರೆಲ್ಲ ಅವುಗಳ ಮೇಲೆಯೇ ಕೂರುವ ಹಾಗೆ ನೋಡಿಕೊಂಡೆ.

ಮೊದಲನೆಯದು ಬೆಲ್ಜಿಯಂನ ಲಿನನ್. ಅಗಸೆ ಗಿಡದ ನಾರಿನಿಂದ ಆಗುವ ಈ ಬಟ್ಟೆಯನ್ನು ಮುಂಬಯಿಯ ವಿತರಕರ ಮೂಲಕ ತರಿಸಿದ್ದೆ. ಇದರ ಪನ್ನಾ, ಅಂದರೆ ಬಟ್ಟೆಯ ಅಗಲ, 54 ಇಂಚು ಇದ್ದುದರಿಂದ ಹೊಲಿಗೆಯ ಲೆಕ್ಕ ಸುಲಭವಾಗುತ್ತದೆ. ಬೇಕಾದರೆ ತಾನನ್ನು (ಬಟ್ಟೆಯ ಸುರುಳಿಯನ್ನು) ಅಡ್ಡಲಾಗಿ ತಿರುಗಿಸಿ, ಉದ್ದನೆಯ ಸೋಫಾದ ಬೆನ್ನನ್ನು ಒಂದೂ ಜೋಡಣೆಯಿಲ್ಲದೆ ಹೊದಿಸಬಹುದು. ಬಿಸಿಲಿಗೆ ಬಣ್ಣ ಬಹುತೇಕ ಹಾಗೆಯೇ ಉಳಿಯಿತು. ಆದರೆ ಜೂನ್ ಕಳೆದು ಬೆಳಗಾವಿಯ ಮಳೆ ಹಿಡಿದುಕೊಂಡ ಮೇಲೆ, ನೆಲಕ್ಕಿಂತ ಒಂದು ಬೆರಳು ಮೇಲೆ ನಿಂತಿದ್ದ ಪರದೆ ತೇವವನ್ನು ಹೀರಿ ಇಳಿದು ನೆಲ ಮುಟ್ಟಿತು. ಅದು ಮತ್ತೆ ಮೇಲೆ ಹೋದದ್ದು ದೀಪಾವಳಿಯ ಒಣಹವೆ ಬಂದ ಮೇಲೆ. ಹೀಗಾಗಿ ಸಹ್ಯಾದ್ರಿಯ ಸೆರಗಿನಲ್ಲಿರುವ ನಮ್ಮ ಊರಿನಲ್ಲಿ ಲಿನನ್ ಪರದೆಗೆ ಅಡಿಯಲ್ಲಿ ಒಂದು ಇಂಚು ಬಿಟ್ಟೇ ಅಳತೆ ಹಾಕಬೇಕು. ವಿಜಯಪುರದ ಒಣ ಹವೆಯಲ್ಲಿ ಇದೇ ಬಟ್ಟೆಯನ್ನು ಹಾಕಿಸಿದ್ದಾಗ ಈ ತೊಂದರೆ ಕಂಡಿರಲಿಲ್ಲ.

ಪಾಲಿಯೆಸ್ಟರ್ ವೆಲ್ವೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುರ್ಚಿಯ ಮೇಲೆ ನಾಲ್ಕರಲ್ಲಿ ಗೆದ್ದದ್ದು ಅದೇ. ಶೇಂಗಾ ಚಟ್ನಿಯ ಎಣ್ಣೆ ಬಿದ್ದ ಕಲೆಯೂ ಸಾಬೂನು ನೀರಿಗೆ ಬಿಟ್ಟಿತು. ಬಟ್ಟೆಯ ಸವೆತವನ್ನು ಅಳೆಯುವ ಮಾರ್ಟಿನ್‌ಡೇಲ್ ಪರೀಕ್ಷೆಯಲ್ಲಿ ಉಜ್ಜಿದ ಸುತ್ತುಗಳ ಸಂಖ್ಯೆಯನ್ನು ಸ್ಯಾಂಪಲ್ ಪುಸ್ತಕದ ಹಿಂಬದಿಯಲ್ಲಿ ಮುದ್ರಿಸಿರುತ್ತಾರೆ. ದಿನವೂ ಬಳಸುವ ಸೋಫಾಕ್ಕೆ ನಾನು 25,000ಕ್ಕಿಂತ ಕಡಿಮೆ ಇರುವುದನ್ನು ಆರಿಸುವುದಿಲ್ಲ, ಈ ವೆಲ್ವೆಟ್ ಆ ಮಟ್ಟವನ್ನು ಸುಲಭವಾಗಿ ದಾಟಿತ್ತು. ಒಂದೇ ಎಚ್ಚರಿಕೆ ಎಂದರೆ, ಅದರ ರೋಮ ಒಂದು ದಿಕ್ಕಿಗೆ ಮಲಗಿರುತ್ತದೆ. ಒಂದು ಪಟ್ಟಿಯನ್ನು ತಲೆಕೆಳಗಾಗಿ ಕತ್ತರಿಸಿದರೂ ಅದು ಬೇರೆಯೇ ಬಣ್ಣದ ಬಟ್ಟೆಯಂತೆ ಕಾಣುತ್ತದೆ.

ರೇಷ್ಮೆಯ ವಿಷಯದಲ್ಲಿ ನನಗೆ ಮೊದಲು ಮೋಸವಾಯಿತು. ಡುಪಿಯಾನ್ ರೇಷ್ಮೆ ಎಂದು ಹೇಳಿ ಒಂದು ಅಂಗಡಿಯವರು ಕೊಟ್ಟ ಬಟ್ಟೆಯಿಂದ ಹಾಸಿನ (ಉದ್ದದ) ಒಂದು ಎಳೆ, ಹೊಕ್ಕಿನ (ಅಡ್ಡದ) ಒಂದು ಎಳೆ ಕಿತ್ತು ಸುಟ್ಟು ನೋಡಿದೆ. ಹಾಸಿನದು ಕೂದಲು ಸುಟ್ಟ ವಾಸನೆ ಬೀರಿ, ಬೆರಳಲ್ಲಿ ತಿಕ್ಕಿದರೆ ಪುಡಿಯಾಗುವ ಬೂದಿಯಾಯಿತು. ಹೊಕ್ಕಿನದು ಕರಗಿ ಗಟ್ಟಿ ಮಣಿಯಾಗಿ ಉಗುರಿಗೆ ಅಂಟಿತು. ಅರ್ಧ ರೇಷ್ಮೆ, ಅರ್ಧ ಪಾಲಿಯೆಸ್ಟರ್! ಅಂದಿನಿಂದ ಸಿಲ್ಕ್ ಮಾರ್ಕ್ ಚೀಟಿ ಇಲ್ಲದ ರೇಷ್ಮೆಯನ್ನು ನಾನು ಖರೀದಿಸಿಲ್ಲ. ಎರಡನೆಯ ಸಲ ಬೆಂಗಳೂರಿನ ಚಿಕ್ಕಪೇಟೆಯಿಂದ ತಂದದ್ದು ಅಪ್ಪಟ ಡುಪಿಯಾನ್. ಎರಡು ಹುಳುಗಳು ಸೇರಿ ಕಟ್ಟಿದ ಜೋಡಿ ಗೂಡಿನ ನೂಲಿನಿಂದ ಇದನ್ನು ನೇಯುವುದರಿಂದ, ಮೈಮೇಲೆ ಅಲ್ಲಲ್ಲಿ ದಪ್ಪ ಗಂಟುಗಳು ಬೆಳಕಿಗೆ ಮಿನುಗುತ್ತವೆ. ಸಂಜೆಯ ದೀಪದಲ್ಲಿ ಉಳಿದ ಮೂರೂ ಅದರ ಮುಂದೆ ಮಂಕಾಗಿ ಕಂಡವು. ಆದರೆ ರಟ್ಟು ಬಿಚ್ಚಿದ ದಿನ ನನಗೆ ನಿಜಕ್ಕೂ ಸಂಕಟವಾಯಿತು. ಮುಚ್ಚಿದ್ದ ಅರ್ಧ ಕಡು ದಾಳಿಂಬೆ ಬಣ್ಣದಲ್ಲಿಯೇ ಇತ್ತು, ತೆರೆದಿದ್ದ ಅರ್ಧ ಒಣಗಿದ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಎರಡೂ ಕೈಯಲ್ಲಿ ಹಿಡಿದು ತುಸು ಜಗ್ಗಿದಾಗ ಬಿಸಿಲು ತಿಂದ ಕಡೆ ಸೀಳಿತು. ಬಿಸಿಲು ರೇಷ್ಮೆಯ ಬಣ್ಣದ ಜೊತೆಗೆ ನಾರಿನ ಶಕ್ತಿಯನ್ನೂ ಕೊಲ್ಲುತ್ತದೆ. ಆದ್ದರಿಂದ ದಪ್ಪ ಹತ್ತಿಯ ಅಸ್ತರವಿಲ್ಲದೆ ರೇಷ್ಮೆಯ ಪರದೆ ಹಾಕುವುದು ಬಾಗಲಕೋಟೆ, ವಿಜಯಪುರದ ಕಡೆ ಹಣವನ್ನು ಕಿಟಕಿಯಿಂದ ಎಸೆದಂತೆ.

ನಾಲ್ಕನೆಯದಾದ ಖಣಕ್ಕಾಗಿ ಗುಳೇದಗುಡ್ಡಕ್ಕೆ ನಾನೇ ಹೋಗಿದ್ದೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಈ ಬಟ್ಟೆ ಇಳಕಲ್ ಸೀರೆಯ ಜೋಡಿಯ ಕುಪ್ಪಸದ ಬಟ್ಟೆಯಾಗಿ ಮನೆಮನೆಯಲ್ಲೂ ಇದ್ದದ್ದು. ನಾನು ಹೋದ ಮನೆಯಲ್ಲಿ ಹಿರಿಯ ನೇಕಾರರು ಕುಣಿಮಗ್ಗದಿಂದ ಎದ್ದು ಬಂದು, ಸೂಜಿಮಲ್ಲಿಗೆಯ ವಿನ್ಯಾಸವಿದ್ದ ತಾನನ್ನು ಬಿಚ್ಚಿ, ಅದರ ಹಿಂಬದಿಯನ್ನು ನನ್ನತ್ತ ತಿರುಗಿಸಿದರು. ಮುಂಬದಿಯ ಹೂವುಗಳ ನಡುವೆ ಎಳೆಗಳು ಹಿಂದೆ ಸಡಿಲವಾಗಿ ಹಾಯ್ದಿದ್ದವು. ಸೋಫಾಕ್ಕೆ ಎಂದು ನಾನು ಹೇಳಿದಾಗ ಅವರು, ‘ಅಕ್ಕಾರ, ಇದು ಮೈಮ್ಯಾಲೆ ತೊಡೋ ಅರಿವಿ ಐತ್ರಿ, ಮ್ಯಾಲ ಕುಂಡ್ರೋದಲ್ರಿ’ ಎಂದರು. ಆದರೂ ಹೊದಿಸಿ ನೋಡಿದೆ. ಮೂರನೆಯ ತಿಂಗಳಿಗೆ ಕುರ್ಚಿಯ ಅಂಚಿನಲ್ಲಿ ಹಾಸಿನ ಎಳೆಗಳು ತೆಳುವಾದವು, ಯಾರದೋ ಬಳೆ ಸಿಕ್ಕಿ ಒಂದು ಹೂವು ಬಿಚ್ಚಿಕೊಂಡಿತು. ಅವರ ಮಾತು ಯಾವ ಪ್ರಯೋಗಾಲಯದ ಚೀಟಿಗಿಂತ ಖಚಿತವಾಗಿತ್ತು.

ಹಾಗೆಂದು ಖಣವನ್ನು ಬದಿಗಿಡಲು ನಾನು ಸಿದ್ಧಳಿರಲಿಲ್ಲ. ಯಾರೂ ಕೂರದ, ಬಿಸಿಲು ನೇರವಾಗಿ ಬೀಳದ ಜಾಗ ಎಂದರೆ ಮಂಚದ ತಲೆಬದಿಯ ಹಲಗೆ. ಅದರ ಅಗಲ 72 ಇಂಚು, ನಾನು ತಂದ ಖಣದ ಪನ್ನಾ 31 ಇಂಚು. ಲಿನನ್ ಆಗಿದ್ದರೆ ಒಂದೇ ತುಂಡು ಸಾಕಾಗುತ್ತಿತ್ತು. ಇಲ್ಲಿ ಮಧ್ಯದಲ್ಲಿ ಪೂರ್ಣ ಪನ್ನಾದ ಒಂದು ಪಟ್ಟಿಯನ್ನೂ ಅದರ ಎರಡೂ ಬದಿಗೆ 20.5 ಇಂಚು ಕಾಣುವಂತೆ ಒಂದೊಂದು ಪಟ್ಟಿಯನ್ನೂ ಇಟ್ಟು, ಮಧ್ಯದ ಪಟ್ಟಿಯ ದಡಿಯನ್ನೇ ಜೋಡಣೆಯ ಗೆರೆಯಾಗಿ ಬಳಸಿದೆವು. ಹಿಂದಿನ ಸಡಿಲ ಎಳೆಗಳು ಜಗ್ಗದಂತೆ ತೆಳುವಾದ ಮಲ್ ಬಟ್ಟೆಯನ್ನು ಒಳಗಿನಿಂದ ಹೊಲಿಸಿದೆವು. ಕುಶನ್ ಕೆಲಸದವರಿಗೆ ಹೂವಿನ ಸಾಲು ಕೂಡಿಸಲು ಒಂದಿಡೀ ದಿನ ಹಿಡಿಯಿತು. ಅವರ ಕೂಲಿಯನ್ನು ಸೇರಿಸಿದರೂ ಲಿನನ್‌ಗೆ ತಗುಲುತ್ತಿದ್ದ ವೆಚ್ಚದ ಅರ್ಧವೂ ಆಗಲಿಲ್ಲ.

ಬಟ್ಟೆಯನ್ನು ಎಲ್ಲಿಂದ ತರಿಸುತ್ತೇವೆ ಎಂಬುದನ್ನು ಕೂಡ ಹೋಲಿಸಲೇಬೇಕು. ಮುಂಬಯಿ ಮತ್ತು ಬೆಂಗಳೂರು ನಮಗೆ ಹೆಚ್ಚುಕಡಿಮೆ ಸಮದೂರ, ಎರಡೂ ಸುಮಾರು 500 ಕಿಲೋಮೀಟರ್. ಪುಸ್ತಕ ನೋಡಿ ಆರ್ಡರ್ ಕೊಟ್ಟರೆ ಸವೆತದ ಅಂಕಿ, ಬಣ್ಣದ ಬಾಳಿಕೆಯ ಅಂಕಿ ಕೈಗೆ ಸಿಗುತ್ತವೆ, ಆದರೆ ಬಿಡಿ ಮೀಟರಿಗೆ ತಾನಿಗಿಂತ ಹೆಚ್ಚು ದರ ಕೊಡಬೇಕು. ಇದೇ ಕೆಲಸದಲ್ಲಿ ಲಿನನ್ ನಾಲ್ಕು ಮೀಟರ್ ಕಡಿಮೆ ಬಿದ್ದು ಮತ್ತೆ ತರಿಸಿದಾಗ, ಅದೇ ಸಂಖ್ಯೆಯ ಬಟ್ಟೆ ಬೇರೆ ಲಾಟ್‌ನಿಂದ ಬಂದು, ಒಂದು ಛಾಯೆ ಹಳದಿಗೆ ವಾಲಿತ್ತು. ವಿತರಕರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನೇಕಾರರ ಮನೆಯಲ್ಲಿ ಅಂಕಿಗಳಿರುವುದಿಲ್ಲ, ನೂಲಿಗೆ ಬಣ್ಣ ಹಾಕಿದ ಪ್ರತಿ ಸಲವೂ ಛಾಯೆ ತುಸು ಬದಲಾಗುತ್ತದೆ, ಕಾಯಬೇಕಾದ ವಾರಗಳೂ ಹೆಚ್ಚು. ಆದರೆ ಬೇಕಾದಷ್ಟನ್ನು ಮೊದಲೇ ಲೆಕ್ಕ ಹಾಕಿ ಹೇಳಿದ್ದರಿಂದ, ಒಂದೇ ಹಾಸಿನಲ್ಲಿ ನನ್ನ ಅಷ್ಟೂ ಮೀಟರನ್ನು ಅವರು ನೇಯ್ದು ಕೊಟ್ಟರು. ಈ ಅನುಕೂಲ ನನಗೆ ಬೇರೆಲ್ಲಿಯೂ ಸಿಕ್ಕಿಲ್ಲ.

ಕೊನೆಗೆ ತಿಲಕವಾಡಿಯ ಮನೆಯಲ್ಲಿ ಸೋಫಾಕ್ಕೆ ವೆಲ್ವೆಟ್, ಪಶ್ಚಿಮದ ಕಿಟಕಿಗಳಿಗೆ ಲಿನನ್, ಊಟದ ಕೋಣೆಯ ನೆರಳಿನ ಕಿಟಕಿಗೆ ಅಸ್ತರ ಹಚ್ಚಿದ ರೇಷ್ಮೆ, ಮಲಗುವ ಕೋಣೆಗೆ ಖಣ ಎಂದು ತೀರ್ಮಾನವಾಯಿತು. ಹಳದಿಗೆ ವಾಲಿದ ನಾಲ್ಕು ಮೀಟರ್ ಲಿನನ್ ಅತಿಥಿಗಳ ಕೋಣೆಯ ಒಂಟಿ ಕಿಟಕಿಗೆ ಹೋಯಿತು. ಪ್ರತಿ ಬಟ್ಟೆಯದೂ ಎರಡು ಮೀಟರ್ ಹೆಚ್ಚುವರಿ ತುಂಡನ್ನು ಬಿಳಿ ಮಲ್ಲಿನಲ್ಲಿ ಸುತ್ತಿ, ಲಾಟ್ ಸಂಖ್ಯೆಯನ್ನೂ ಖರೀದಿಸಿದ ದಿನಾಂಕವನ್ನೂ ಬರೆದ ಚೀಟಿಯನ್ನು ಹೊಲಿದು, ಆ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಇಟ್ಟುಬಂದಿದ್ದೇನೆ.